ತಕ್ಕಡಿ ಕೆಲಸ, ಅಟ್ಲಾಂಟಿಕ್ ದಂಡೆ

ಮನೆ ಟೊರಾಂಟೊದಲ್ಲಿ. ಕೆಲಸ ಮಾತ್ರ ಜಾಸ್ತಿ ಇರುವುದು ಕೆನಡಾದ ಪೂರ್ವ ಕರಾವಳಿಯಲ್ಲಿ. ಮೀನು, ಏಡಿ, ಸೀಗಡಿ ಪ್ಯಾಕ್ ಮಾಡುವ ಪ್ಲಾಂಟ್‌ಗಳಲ್ಲಿ ತೂಕದ ಮಿಷಿನ್‌ಗಳು ಇರುತ್ತವಲ್ಲ, ಅವು ಸರಿಯಾಗಿ ತೂಗುತ್ತಿವೆಯಾ ಅಂತ ನೋಡುವುದು, ಇಲ್ಲದಿದ್ದರೆ ಸರಿಮಾಡುವುದು, ಕಾಗದಕ್ಕೆ ಸಹಿ ಹಾಕಿ ಬರುವುದು. ಇಷ್ಟೇ ನನ್ನ ಕೆಲಸ. ನಮ್ಮ ಕುಂದಾಪುರದ ಕಡೆ ಜೂನ್ ಬಂತೆಂದರೆ ದೋಣಿಗಳು ದಡ ಸೇರುತ್ತವೆ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಇಲ್ಲಿ ಉಲ್ಟಾ. ಚಳಿ, ಐಸು ಎಲ್ಲ ಕಳೆದ ಮೇಲೆ ಬರುವ ಜೂನ್ ತಿಂಗಳೇ ಸುಗ್ಗಿ.

ಪ್ರವಾಸಿಗರ ಹಾಗೆ ಜಾಗ ಆರಿಸಿಕೊಳ್ಳುವ ಸುಖ ನನಗಿಲ್ಲ. ಪ್ಲಾಂಟ್ ಎಲ್ಲಿದೆಯೋ ಅಲ್ಲಿಗೆ ಹೋಗಬೇಕು. ಮಿಷಿನ್ ಬಿಡುವಾಗುವುದು ಪ್ಯಾಕಿಂಗ್ ಲೈನ್ ನಿಂತಾಗ ಮಾತ್ರ. ಹಾಗಾಗಿ ಕಾಯುವುದೇ ಅರ್ಧ ಕೆಲಸ. ನಾನು ನೋಡಿದ್ದೆಲ್ಲ ಹಾಗೆ ಕಾಯುವಾಗ ನೋಡಿದ್ದು.

ಸೋಮವಾರ, ಹ್ಯಾಲಿಫ್ಯಾಕ್ಸ್

ಟೊರಾಂಟೊದಿಂದ ಎರಡು ಗಂಟೆಯ ವಿಮಾನ. ಇಳಿದ ಕೂಡಲೇ ಗಡಿಯಾರ ಒಂದು ಗಂಟೆ ಮುಂದಕ್ಕೆ. ಡಾರ್ಟ್‌ಮತ್ ಕಡೆ ಕೆಲಸ ಬೇಗ ಮುಗಿಯಿತು. ಸಂಜೆ ಸುಮ್ನೆ ಫೆರಿ ಹತ್ತಿದೆ. ಬಂದರಿನ ಈ ದಡದಿಂದ ಆ ದಡಕ್ಕೆ ಹನ್ನೆರಡು ನಿಮಿಷವೂ ಬೇಕಿಲ್ಲ. 1752ರಿಂದ ಇಲ್ಲಿ ಜನ ಹೀಗೆ ದಾಟುತ್ತಿದ್ದಾರೆ. ಆಫೀಸು ಮುಗಿಸಿ ಮನೆಗೆ ಹೋಗುವವರೇ ತುಂಬಿದ್ದರು. ಹೊರಗೆ ನೋಡುತ್ತಿದ್ದವನು ನಾನೊಬ್ಬನೇ.

ಉತ್ತರಕ್ಕೆ ನೋಡಿದರೆ ಬಂದರು ಸಪೂರ ಆಗುವ ಜಾಗ ಕಾಣುತ್ತದೆ. 1917ರ ಡಿಸೆಂಬರ್ 6ರ ಬೆಳಗ್ಗೆ ಅಲ್ಲಿ ಎರಡು ಹಡಗುಗಳು ಡಿಕ್ಕಿ ಹೊಡೆದವು. ಒಂದು ನಾರ್ವೆಯ ಇಮೊ. ಇನ್ನೊಂದು ಫ್ರಾನ್ಸಿನ ಮಾಂಟ್ ಬ್ಲಾಂಕ್, ಯುದ್ಧಕ್ಕೆ ಹೊರಟ ಮದ್ದುಗುಂಡು ತುಂಬಿಕೊಂಡಿತ್ತು. ಬೆಂಕಿ ಹತ್ತಿಕೊಂಡು ಸುಮಾರು ಇಪ್ಪತ್ತು ನಿಮಿಷ ಉರಿಯಿತು. ಬೆಂಕಿ ನೋಡಲು ಜನ ಕಿಟಕಿಗೆ ಬಂದು ನಿಂತರು. ಆಮೇಲೆ ಹಡಗು ಸಿಡಿಯಿತು. ಸುಮಾರು 2,000 ಜನ ಸತ್ತರು. ಕಿಟಕಿಯ ಗಾಜು ಸಿಡಿದು ಕಣ್ಣು ಕಳೆದುಕೊಂಡವರು ನೂರಾರು. ರೈಲ್ವೆಯ ವಿನ್ಸ್ ಕೋಲ್ಮನ್ ಎಂಬವರು ಓಡಿಹೋಗುವುದು ಬಿಟ್ಟು, ಬರುತ್ತಿದ್ದ ರೈಲು ನಿಲ್ಲಿಸಿ ಅಂತ ಟೆಲಿಗ್ರಾಫ್ ಕಳಿಸುತ್ತ ಕೂತರು, ಅಲ್ಲೇ ಹೋದರು. ಆಗ ಬಾಸ್ಟನ್ ಊರಿನವರು ರೈಲು ತುಂಬ ವೈದ್ಯರನ್ನೂ ಔಷಧಿಯನ್ನೂ ಕಳಿಸಿದ್ದರು. ಅದರ ನೆನಪಿಗೆ ಹ್ಯಾಲಿಫ್ಯಾಕ್ಸ್ ಇರುವ ನೋವಾ ಸ್ಕೋಶಿಯಾ ರಾಜ್ಯ ಈಗಲೂ ಪ್ರತಿ ವರ್ಷ ಬಾಸ್ಟನ್‌ಗೆ ದೊಡ್ಡದೊಂದು ಕ್ರಿಸ್ಮಸ್ ಮರ ಕಳಿಸುತ್ತದೆ.

ಫೆರಿ ದಡ ಸೇರಿತು. ವಾಪಸು ಹೋಗಲು ಅದೇ ಟಿಕೆಟ್ ನಡೆಯುತ್ತದೆ ಅಂತ ಪಕ್ಕದಲ್ಲಿದ್ದ ಹುಡುಗ ಹೇಳಿದ.

ಮಂಗಳವಾರ, ಪೆಗ್ಗೀಸ್ ಕೋವ್ ದಾಟಿ ಲೂನೆನ್‌ಬರ್ಗ್

ರಸ್ತೆಯ ಎರಡೂ ಕಡೆ ಲುಪಿನ್ ಹೂವು. ನೇರಳೆ, ಗುಲಾಬಿ, ಬಿಳಿ. ತೋಟಕ್ಕೆಂದು ತಂದ ಗಿಡ, ಈಗ ಚರಂಡಿ ಪಕ್ಕದಲ್ಲೆಲ್ಲ ತಾನೇ ಬೆಳೆಯುತ್ತದೆ.

ಪೆಗ್ಗೀಸ್ ಕೋವ್‌ನ ದೀಪಸ್ತಂಭದ ಫೋಟೋ ನೀವು ನೋಡಿಯೇ ಇರುತ್ತೀರಿ. ಕ್ಯಾಲೆಂಡರ್‌ನಲ್ಲಿ, ಬಿಸ್ಕೆಟ್ ಡಬ್ಬದ ಮೇಲೆ, ಎಲ್ಲ ಕಡೆ ಇದೆ. 1915ರಲ್ಲಿ ಕಟ್ಟಿದ್ದು. ನಿಜ ಹೇಳಬೇಕೆಂದರೆ ನನಗೆ ಸ್ತಂಭಕ್ಕಿಂತ ಅದು ನಿಂತ ಬಂಡೆಯೇ ಜಾಸ್ತಿ ಹಿಡಿಸಿತು. ಸುಮಾರು 38 ಕೋಟಿ ವರ್ಷದ ಹಿಂದೆ ಭೂಮಿಯೊಳಗೆ ತಣ್ಣಗಾದ ಗ್ರಾನೈಟ್. ಮೇಲಿನ ಮಣ್ಣನ್ನೆಲ್ಲ ಹಿಮನದಿ ಕೆರೆದುಕೊಂಡು ಹೋಗಿ, ಬೋಳು ಕಲ್ಲು ಬಿಟ್ಟಿದೆ. ಹತ್ತಿರ ಕೂತು ನೋಡಿದರೆ ಹೆಬ್ಬೆರಳಿನಷ್ಟು ದೊಡ್ಡ ಬಿಳಿ ಹರಳುಗಳು ಮೇಲೆದ್ದು ಕಾಣುತ್ತವೆ. ಕೈ ಸವರಿದರೆ ತರಿತರಿ.

ಕಪ್ಪಾಗಿರುವ ಬಂಡೆಗೆ ಹೋಗಬೇಡಿ ಅಂತ ಅಲ್ಲಲ್ಲಿ ಬೋರ್ಡಿದೆ. ಕಪ್ಪಿದೆ ಎಂದರೆ ಅಲೆ ಅಲ್ಲಿಯ ತನಕ ಬರುತ್ತದೆ ಎಂದರ್ಥ. ಕಡಲು ಶಾಂತವಾಗಿದ್ದಾಗಲೂ ಒಂದು ಅಲೆ ಇದ್ದಕ್ಕಿದ್ದಂತೆ ದೊಡ್ಡದಾಗಿ ಬಂದು ಎಳೆದುಕೊಂಡು ಹೋಗಬಹುದು. ಹಾಗೆ ಹೋದವರು ಇದ್ದಾರೆ. ಆದರೂ ಒಬ್ಬ ಮಹಾಶಯ ಅಲ್ಲೇ ನಿಂತು ಸೆಲ್ಫಿ ತೆಗೆಯುತ್ತಿದ್ದ. ಅಂಗಡಿಯ ಹೆಂಗಸೊಬ್ಬರು ದೂರದಿಂದಲೇ ಬೈದು ಮೇಲಕ್ಕೆ ಕರೆಸಿದರು.

ಲೂನೆನ್‌ಬರ್ಗ್ ಚಂದದ ಊರು, ಬಣ್ಣಬಣ್ಣದ ಮರದ ಮನೆಗಳು, ಯುನೆಸ್ಕೊ ಪಟ್ಟಿಯಲ್ಲಿದೆ. ಕೆನಡಾದ 10 ಸೆಂಟ್ ನಾಣ್ಯದ ಮೇಲಿರುವ ಬ್ಲೂನೋಸ್ ಹಾಯಿ ಹಡಗು ಹುಟ್ಟಿದ್ದು ಇಲ್ಲೇ. ಆದರೆ ನಾನು ನೋಡಿದ್ದು ಜಾಸ್ತಿ ಆ ಕಡೆಯ ಒಂದು ಗೋದಾಮಿನ ಒಳಗನ್ನು. ರಾತ್ರಿಯೇ ಮಾಂಕ್ಟನ್‌ಗೆ ಕಾರು ಹೊಡೆದೆ.

ಬುಧವಾರ, ಹೋಪ್‌ವೆಲ್

ಪ್ಲಾಂಟ್‌ನಿಂದ ಮೆಸೇಜು: ‘ಲೈನ್ ನಿಲ್ಲುವುದು ಸಂಜೆ, ಆಮೇಲೆ ಬನ್ನಿ.’ ಕಡಲಿನ ಇಳಿತ ಎಷ್ಟು ಹೊತ್ತಿಗೆ ಅಂತ ನೋಡಿದೆ. ಬೆಳಗ್ಗೆ ಹತ್ತರ ಸುಮಾರಿಗೆ. ಇನ್ನೇನು ಬೇಕು! ನಲವತ್ತು ಕಿಲೋಮೀಟರ್ ದೂರದ ಹೋಪ್‌ವೆಲ್ ರಾಕ್ಸ್ ಕಡೆಗೆ ಹೊರಟೆ.

ಫಂಡಿ ಕೊಲ್ಲಿಯ ಉಬ್ಬರ ಲೋಕದಲ್ಲೇ ಎತ್ತರದ್ದು. ಕೊಲ್ಲಿಯ ತುದಿಯಲ್ಲಿ 16 ಮೀಟರ್ ತನಕ ಏರುತ್ತದೆ. ನಮ್ಮ ಕರಾವಳಿಯಲ್ಲಿ ಒಂದೂವರೆ, ಎರಡು ಮೀಟರ್ ನೋಡಿ ಬೆಳೆದವನಿಗೆ ಇದು ನಂಬಿಕೆಗೆ ಬರುವ ಲೆಕ್ಕವೇ ಅಲ್ಲ. ಕಾರಣ ಕೊಲ್ಲಿಯ ಅಳತೆಯಲ್ಲಿದೆ. ಆ ಉದ್ದ ಮತ್ತು ಆಳಕ್ಕೆ ನೀರು ಒಂದು ಸಲ ಆ ತುದಿಗೆ ಹೋಗಿ ಈ ತುದಿಗೆ ಬರಲು ಹೆಚ್ಚುಕಡಿಮೆ ಹನ್ನೆರಡೂವರೆ ಗಂಟೆ ಬೇಕು. ಸಮುದ್ರದ ಉಬ್ಬರವೂ ಅಷ್ಟೇ ಹೊತ್ತಿಗೊಮ್ಮೆ ಬರುತ್ತದೆ. ಉಯ್ಯಾಲೆ ಹಿಂದಕ್ಕೆ ಬಂದ ಹೊತ್ತಿಗೇ ಸರಿಯಾಗಿ ತಳ್ಳಿದರೆ ಪ್ರತಿ ಸಲವೂ ಎತ್ತರ ಹೋಗುತ್ತದಲ್ಲ, ಹಾಗೆ. ಮೇಲಾಗಿ ಕೊಲ್ಲಿ ಒಳಗೆ ಹೋದ ಹಾಗೆ ಸಪೂರವೂ ಆಗುತ್ತದೆ, ಆಳವೂ ಕಡಿಮೆ. ನೀರಿಗೆ ಮೇಲೇರದೆ ಬೇರೆ ದಾರಿಯಿಲ್ಲ.

ಮೆಟ್ಟಿಲು ಇಳಿದರೆ ಕಡಲಿನ ನೆಲ. ಕೆಂಪು ಕಲ್ಲಿನ ಕಂಬಗಳು, ತಲೆಯ ಮೇಲೆ ಸ್ಪ್ರೂಸ್ ಮರಗಳು, ಸೊಂಟ ಮಾತ್ರ ಸಪೂರ. ದಿನಕ್ಕೆ ಎರಡು ಸಲ ಬರುವ ನೀರು ಕಡೆದಿದ್ದು. ನಾನು ಒಂದು ಕಂಬದ ಬುಡದಲ್ಲಿ ನಿಂತೆ. ಉಂಡೆ ಕಲ್ಲು, ಚಪ್ಪಟೆ ಕಲ್ಲು, ಕೆಂಪು ಮಣ್ಣು ಎಲ್ಲ ಸೇರಿ ಗಟ್ಟಿಯಾದ ಕಲ್ಲು. ಕೆಲವು ಉಂಡೆಗಳು ಈಗಲೋ ಆಗಲೋ ಬೀಳುವ ಹಾಗಿದ್ದವು. ಬುಡದಿಂದ ನನ್ನ ತಲೆಗಿಂತ ಎಷ್ಟೋ ಮೇಲಿನ ತನಕ ಕಂದು ಪಾಚಿ ನೇತಾಡುತ್ತಿತ್ತು. ಪಾಚಿಯ ಎಸಳಿನಲ್ಲಿ ಬಟಾಣಿ ಗಾತ್ರದ ಗಾಳಿಗುಳ್ಳೆಗಳು. ಬೆರಳಲ್ಲಿ ಒತ್ತಿದರೆ ಟಪ್ ಅನ್ನುತ್ತವೆ. ನೀರು ಬಂದಾಗ ಪಾಚಿ ಎದ್ದು ತೇಲಲು ಇವೇ ಬೇಕು. ಎಸಳು ಎತ್ತಿ ನೋಡಿದರೆ ಅಡಿಯಲ್ಲಿ ಸಾಲಾಗಿ ಸಣ್ಣ ಬಸವನಹುಳಗಳು, ನೀರು ಬರುವ ತನಕ ಬಾಯಿ ಮುಚ್ಚಿಕೊಂಡು ಕೂತಿದ್ದವು.

ಇಲ್ಲಿ ಆನೆಯ ಆಕಾರದ ಒಂದು ಕಂಬವಿತ್ತು. ಇಲ್ಲಿನ ನ್ಯೂ ಬ್ರನ್ಸ್‌ವಿಕ್ ರಾಜ್ಯದ ಆರೋಗ್ಯ ಕಾರ್ಡಿನ ಮೇಲೂ ಅದರ ಚಿತ್ರ ಇತ್ತು. 2016ರಲ್ಲಿ ಅದರ ಅರ್ಧ ಭಾಗ ಒಂದು ದಿನ ಕುಸಿದುಬಿತ್ತು. ಯಾರೂ ಅಡಿಯಲ್ಲಿ ಇರಲಿಲ್ಲ, ಪುಣ್ಯ.

ಇನ್ನು ಸ್ವಲ್ಪ ಹೊತ್ತು ಇದ್ದುಬಿಡೋಣ ಅನ್ನಿಸುವಷ್ಟರಲ್ಲಿ ಪಾರ್ಕಿನ ಹುಡುಗಿಯರು ಎಲ್ಲರನ್ನೂ ಮೆಟ್ಟಿಲ ಕಡೆಗೆ ಕಳಿಸತೊಡಗಿದರು. ನೀರು ಎಲ್ಲೂ ಕಾಣುತ್ತಿರಲಿಲ್ಲ. ಆದರೂ ಅವರು ಒಂದು ನಿಮಿಷವೂ ಬಿಡುವುದಿಲ್ಲ.

ಗುರುವಾರ, ಮಾಂಕ್ಟನ್

ರಾತ್ರಿ ಕೆಲಸ ತಡವಾಗಿ ಮುಗಿದಿತ್ತು. ಬೆಳಗ್ಗೆ ಉಳಿದ ಕಾಗದಪತ್ರ. ಮಧ್ಯಾಹ್ನ ಪೆಟಿಕೋಡಿಯಾಕ್ ನದಿಯ ದಂಡೆಗೆ ಹೋದೆ. ಉಬ್ಬರದ ನೀರು ನದಿಯೊಳಗೆ ನುಗ್ಗುವಾಗ ಎದುರಿಗೆ ಒಂದು ಅಲೆಯಾಗಿ ಬರುತ್ತದೆ. 1968ರಲ್ಲಿ ನದಿಗೆ ಅಡ್ಡ ಒಡ್ಡು ಕಟ್ಟಿ, ಅದರ ಮೇಲೆ ರಸ್ತೆ ಮಾಡಿದ್ದರು. ಹೂಳು ತುಂಬಿ ನದಿ ಸಪೂರ ಆಯ್ತು, ಅಲೆಯೂ ಸಣ್ಣದಾಯ್ತು. 2010ರಲ್ಲಿ ಗೇಟು ತೆರೆದ ಮೇಲೆ ನದಿ ಮತ್ತೆ ಅಗಲವಾಯಿತು, ಅಲೆ ಬೆಳೆಯಿತು. ಈಗ ಅದರ ಮೇಲೆ ಸರ್ಫಿಂಗ್ ಮಾಡುವವರೂ ಬರುತ್ತಾರೆ. ನಾನು ನೋಡಿದಾಗ ಅಷ್ಟೇನೂ ದೊಡ್ಡದಿರಲಿಲ್ಲ. ಕಂದು ನೀರಿನ ಒಂದು ಮಡಿಕೆ, ಮೊಣಕಾಲಿನಷ್ಟು ಎತ್ತರ. ಆದರೆ ನದಿ ಹಿಂದಕ್ಕೆ ಹರಿಯುವುದನ್ನು ನೋಡುವುದು ಒಂಥರಾ ವಿಚಿತ್ರ. ಒಂದು ಮರದ ದಿಮ್ಮಿ ಕಡಲಿನ ಕಡೆಗೆ ಹೋಗುತ್ತಿದ್ದದ್ದು ಗಕ್ಕನೆ ನಿಂತು, ತಿರುಗಿ, ಬಂದ ದಾರಿಗೇ ಹೊರಟಿತು.

ಸಂಜೆ ಐದಕ್ಕೆ ಮತ್ತೆ ಹೋಪ್‌ವೆಲ್. ನಿನ್ನೆ ನಾನು ನಿಂತ ಜಾಗದ ಮೇಲೆ ಹಳದಿ ಕಯಾಕ್‌ಗಳು ತಿರುಗುತ್ತಿದ್ದವು. ಕಂಬಗಳ ಸೊಂಟ ನೀರಲ್ಲಿ ಮುಳುಗಿ, ತಲೆಯ ಮರಗಳಷ್ಟೇ ದ್ವೀಪಗಳಾಗಿ ಉಳಿದಿದ್ದವು.

ಈ ಕೊಲ್ಲಿಗೆ ನಾನು ಹಿಂದೊಮ್ಮೆ ಆಗಸ್ಟ್‌ನಲ್ಲಿ ಬಂದಿದ್ದೆ. ಆಗ ನೋಡಿದ್ದನ್ನು ಇಲ್ಲಿ ಹೇಳದಿದ್ದರೆ ಆಗುವುದಿಲ್ಲ. ಹತ್ತಿರದ ಮೇರೀಸ್ ಪಾಯಿಂಟ್ ಎಂಬಲ್ಲಿ ಕೆಸರು ದಂಡೆಯ ತುಂಬ ಸ್ಯಾಂಡ್‌ಪೈಪರ್ ಹಕ್ಕಿಗಳು. ಗುಬ್ಬಿಯಷ್ಟಿರುತ್ತವೆ. ಆರ್ಕ್ಟಿಕ್‌ನಲ್ಲಿ ಮರಿ ಮಾಡಿ ದಕ್ಷಿಣ ಅಮೆರಿಕಕ್ಕೆ ಹೊರಟವು. ಬರುವಾಗ ಒಂದೊಂದು ಹಕ್ಕಿ ಸುಮಾರು 20 ಗ್ರಾಂ. ಈ ಕೆಸರಿನಲ್ಲಿ ಅಕ್ಕಿಕಾಳಿನಷ್ಟು ಸಣ್ಣ ಸೀಗಡಿ ಜಾತಿಯ ಹುಳ ಇದೆ. ಅದನ್ನು ಹಗಲಿಡೀ ಹೆಕ್ಕಿ ಹೆಕ್ಕಿ ತಿಂದು ಎರಡು ಮೂರು ವಾರದಲ್ಲಿ 40 ಗ್ರಾಂ ಆಗುತ್ತವೆ. ಆಮೇಲೆ ಸಮುದ್ರದ ಮೇಲೆ ಎಲ್ಲೂ ಇಳಿಯದೆ ಸುಮಾರು ಮೂರು ದಿನ ಹಾರಿ ದಕ್ಷಿಣ ಅಮೆರಿಕ ಮುಟ್ಟುತ್ತವೆ. ತೂಕದ ಕೆಲಸದವನಿಗೆ ಇದಕ್ಕಿಂತ ದೊಡ್ಡ ಸುದ್ದಿ ಏನಿದೆ? ಅವತ್ತು ಒಂದು ಗಿಡುಗ ಬಂತು. ಸಾವಿರಾರು ಹಕ್ಕಿಗಳು ಒಂದೇ ಸಲ ಎದ್ದವು. ಎಡಕ್ಕೆ ತಿರುಗಿದಾಗ ಕಂದು, ಬಲಕ್ಕೆ ತಿರುಗಿದಾಗ ಬೆಳ್ಳಗೆ. ಗಿಡುಗಕ್ಕೆ ಯಾವುದನ್ನು ಹಿಡಿಯಬೇಕು ಅಂತಲೇ ತಿಳಿಯಲಿಲ್ಲ, ಖಾಲಿ ಕಾಲಲ್ಲಿ ಹೋಯಿತು.

ಶುಕ್ರವಾರ, ಗ್ಯಾಂಡರ್

ಹೋಗಬೇಕಾಗಿದ್ದು ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಸೇಂಟ್ ಜಾನ್ಸ್‌ಗೆ. ಇಳಿದಿದ್ದು ಗ್ಯಾಂಡರ್‌ನಲ್ಲಿ. ಕಾರಣ ಮಂಜು. ಉತ್ತರದ ಲ್ಯಾಬ್ರಡಾರ್ ಪ್ರವಾಹದ ತಣ್ಣೀರು, ದಕ್ಷಿಣದ ಗಲ್ಫ್ ಸ್ಟ್ರೀಮ್‌ನ ಬೆಚ್ಚಗಿನ ನೀರು ನ್ಯೂಫೌಂಡ್‌ಲ್ಯಾಂಡ್‌ನ ಹತ್ತಿರ ಸೇರುತ್ತವೆ. ಬೆಚ್ಚಗಿನ ಗಾಳಿ ತಣ್ಣೀರಿನ ಮೇಲೆ ಬಂದ ಕೂಡಲೇ ಮಂಜು. ವಿಮಾನ ಮೇಲೆ ಸುತ್ತು ಹೊಡೆದು ಹೊಡೆದು ಕೊನೆಗೆ ಇಲ್ಲಿಗೆ ಬಂತು. ಯಾರೂ ಗಲಾಟೆ ಮಾಡಲಿಲ್ಲ. ಪಕ್ಕದ ಸೀಟಿನ ಅಜ್ಜ ಟೋಪಿ ಮುಖಕ್ಕೆ ಎಳೆದುಕೊಂಡು ನಿದ್ದೆಗೆ ಹೋದರು.

ವಿಮಾನಗಳು ಬಂದು ಕೂರುವುದು ಗ್ಯಾಂಡರ್‌ಗೆ ಹೊಸತಲ್ಲ. 2001ರ ಸೆಪ್ಟೆಂಬರ್ 11ರಂದು ಅಮೆರಿಕದ ಆಕಾಶ ಮುಚ್ಚಿದಾಗ 38 ವಿಮಾನಗಳು ಇಲ್ಲಿ ಇಳಿದವು. ಹತ್ತು ಸಾವಿರ ಜನ ಇರುವ ಊರಿಗೆ 6,500ಕ್ಕೂ ಹೆಚ್ಚು ನೆಂಟರು. ಶಾಲೆ, ಚರ್ಚು, ಮನೆ ಎಲ್ಲ ತೆರೆದು ಊಟ ಹಾಕಿ ದಿನಗಟ್ಟಲೆ ನೋಡಿಕೊಂಡರು.

ನನಗಂತೂ ಮಂಜು ಉಪಕಾರವನ್ನೇ ಮಾಡಿತು. ನನ್ನ ಪ್ಲಾಂಟ್ ಇದ್ದದ್ದು ಬೊನವಿಸ್ಟಾ ಕಡೆ. ಸೇಂಟ್ ಜಾನ್ಸ್‌ಗಿಂತ ಗ್ಯಾಂಡರ್‌ನಿಂದಲೇ ಹತ್ತಿರ. ಬಾಡಿಗೆ ಕಾರಿನ ಕೀಲಿ ಕೊಟ್ಟ ಹೆಂಗಸು, ‘ಕತ್ತಲಾದ ಮೇಲೆ ಓಡಿಸಬೇಡ, ಮೂಸ್ ಇರುತ್ತವೆ’ ಎಂದರು. ಮೂಸ್ ಅಂದರೆ ಕಡವೆಯ ಜಾತಿಯ ಭಾರೀ ಪ್ರಾಣಿ. ಕಾಲು ಎಷ್ಟು ಉದ್ದ ಎಂದರೆ ಕಾರು ಗುದ್ದಿದರೆ ಮೈ ಸೀದಾ ಗಾಜಿನ ಮೇಲೆ ಬೀಳುತ್ತದೆ. ಇದು ಈ ದ್ವೀಪದ್ದೇ ಪ್ರಾಣಿ ಅಲ್ಲ. 1904ರಲ್ಲಿ ನ್ಯೂ ಬ್ರನ್ಸ್‌ವಿಕ್‌ನಿಂದ ನಾಲ್ಕು ತಂದು ಬಿಟ್ಟರು. ಈಗ ಲಕ್ಷದ ಲೆಕ್ಕ.

ರಾತ್ರಿ ಅಲ್ಲೇ ಉಳಿದೆ.

ಶನಿವಾರ, ಬೊನವಿಸ್ಟಾ

ಬೆಳಗ್ಗೆ ಟೆರಾ ನೋವಾ ಕಾಡಿನ ನಡುವೆ ಹೋಗುವಾಗ ತಾಯಿ ಮೂಸ್ ಒಂದು ರಸ್ತೆ ಬದಿಯ ಜೌಗಿನಲ್ಲಿ ನಿಂತಿತ್ತು. ಹಿಂದೆ ಕೆಂಪು ಮರಿ. ನಾನು ನಿಲ್ಲಿಸಿದೆ, ಅದು ಮೇಯುವುದನ್ನು ನಿಲ್ಲಿಸಲಿಲ್ಲ.

ಏಡಿ ಪ್ಲಾಂಟ್‌ನಲ್ಲಿ ಸುಗ್ಗಿಯ ಕೊನೆಯ ದಿನಗಳು, ಶನಿವಾರ ಭಾನುವಾರ ಲೆಕ್ಕವಿಲ್ಲ. ಆವಿ, ಉಪ್ಪುನೀರು, ಕಾಲಡಿ ಜಾರುವ ಸಿಮೆಂಟು. ನಾನು ತೂಕದ ಕಲ್ಲುಗಳ ಪೆಟ್ಟಿಗೆ ತೆರೆದೆ. ‘ಫ್ಯಾಕ್ಟರಿಯಲ್ಲೇ ಸರಿಮಾಡಿ ಕಳಿಸಿದ ಮಿಷಿನ್ನು, ನೀವು ಯಾಕೆ ಇಷ್ಟು ದೂರ ಬರಬೇಕು?’ ಅಂತ ಫೋರ್‌ಮನ್ ಕೇಳಿದರು. ಎಲ್ಲರೂ ಕೇಳುವ ಪ್ರಶ್ನೆ. ಭೂಮಿಯ ಎಳೆತ ಎಲ್ಲ ಕಡೆ ಒಂದೇ ಇರುವುದಿಲ್ಲ. ಧ್ರುವದ ಕಡೆಗೆ ಹೋದ ಹಾಗೆ ಸ್ವಲ್ಪ ಜಾಸ್ತಿ. ಬೆಂಗಳೂರಿನಲ್ಲಿ ಸರಿಮಾಡಿದ ಎಲೆಕ್ಟ್ರಾನಿಕ್ ತಕ್ಕಡಿಯನ್ನು ಹಾಗೇ ಇಲ್ಲಿಗೆ ತಂದಿಟ್ಟರೆ 10 ಕೆ.ಜಿ.ಗೆ ಸುಮಾರು 30 ಗ್ರಾಂ ಜಾಸ್ತಿ ತೋರಿಸುತ್ತದೆ. ಟನ್‌ಗಟ್ಟಲೆ ಏಡಿ ತೂಗುವಲ್ಲಿ ಇದು ಸಣ್ಣ ದುಡ್ಡಲ್ಲ.

ಊಟದ ಬಿಡುವಿನಲ್ಲಿ ಫೋರ್‌ಮನ್ ತಮ್ಮ ಕತೆ ಹೇಳಿದರು. ಅವರ ಅಪ್ಪ, ಅಜ್ಜ ಹಿಡಿಯುತ್ತಿದ್ದದ್ದು ಕಾಡ್ ಮೀನು. ಈ ಕಡಲಲ್ಲಿ ಕಾಡ್ ಮುಗಿಯುತ್ತದೆ ಅಂತ ಯಾರೂ ಎಣಿಸಿರಲಿಲ್ಲ. ದೊಡ್ಡ ದೊಡ್ಡ ಟ್ರಾಲರ್‌ಗಳು ಬಂದು ವರ್ಷಗಟ್ಟಲೆ ಬಾಚಿದವು. 1992ರ ಜುಲೈ 2ರಂದು ಸರ್ಕಾರ ಕಾಡ್ ಹಿಡಿಯುವುದನ್ನೇ ನಿಲ್ಲಿಸಿತು. ಸುಮಾರು 30,000 ಜನರ ಕೆಲಸ ಹೋಯಿತು. ಎರಡು ವರ್ಷ ಅಂದುಕೊಂಡಿದ್ದ ನಿಷೇಧ ಮುಗಿದದ್ದು 2024ರಲ್ಲಿ. ‘ನಮ್ಮ ಬೀದಿಯ ಹುಡುಗರೆಲ್ಲ ಆಲ್ಬರ್ಟಾಗೆ ಹೋದರು, ನಾನು ಏಡಿಗೆ ಬಂದೆ’ ಎಂದರು. ಕಾಡ್ ಹೋದ ಮೇಲೆ ಏಡಿ, ಸೀಗಡಿ ಹೆಚ್ಚಿದವು. ನನ್ನ ಮಿಷಿನ್‌ಗಳಿಗೆ ಇಲ್ಲಿ ಕೆಲಸ ಸಿಕ್ಕಿದ್ದು ಹಾಗೆ. ನಮ್ಮಲ್ಲಿ 61 ದಿನದ ರಜೆಗೇ ಗೊಣಗುತ್ತೇವೆ ಅಂತ ಹೇಳಿದೆ. ‘ಗೊಣಗಿ, ಆದರೆ ರಜೆ ಬಿಡಬೇಡಿ’ ಎಂದರು.

ಸಂಜೆ ಎಲಿಸ್ಟನ್. ಬೊನವಿಸ್ಟಾದಿಂದ ಹತ್ತು ನಿಮಿಷದ ದಾರಿ. ಊರ ತುಂಬ ಗುಡ್ಡದ ಒಳಗೆ ಕಲ್ಲು ಕಟ್ಟಿದ ನೆಲಮಾಳಿಗೆಗಳು, ನೂರಕ್ಕೂ ಜಾಸ್ತಿ ಇವೆ. ಫ್ರಿಜ್ ಇಲ್ಲದ ಕಾಲದಲ್ಲಿ ಆಲೂಗಡ್ಡೆ, ಗಜ್ಜರಿ ಚಳಿಗೆ ಹಾಳಾಗದಂತೆ ಇಡುತ್ತಿದ್ದರು. ಅದನ್ನು ದಾಟಿ ಬಂಡೆಯ ತುದಿಗೆ ಹೋದರೆ, ಎದುರಿಗೆ ಸಣ್ಣ ಗುಡ್ಡದ ದ್ವೀಪ, ಅದರ ತುಂಬ ಪಫಿನ್ ಹಕ್ಕಿಗಳು. ಹುಲ್ಲಿನಲ್ಲಿ ಅಲ್ಲಾಡದೆ ಕೂತೆ. ಸ್ವಲ್ಪ ಹೊತ್ತಿಗೆ ಒಂದು ಹಕ್ಕಿ ನಾಲ್ಕು ಮಾರು ದೂರದಲ್ಲಿ ಬಂದು ಇಳಿಯಿತು. ಇಳಿಯಿತು ಅನ್ನುವುದಕ್ಕಿಂತ ಬಿತ್ತು ಅನ್ನಬೇಕು. ನೀರೊಳಗೆ ಈಜಲು ಮಾಡಿದ ಮೋಟು ರೆಕ್ಕೆ, ಗಾಳಿಯಲ್ಲಿ ಬಡಿದೂ ಬಡಿದೂ ಸಾಕಾಗಿರುತ್ತದೆ. ಕಿತ್ತಳೆ ಕಾಲು, ಬಣ್ಣದ ಕೊಕ್ಕು. ಕೊಕ್ಕಲ್ಲಿ ಅಡ್ಡಡ್ಡ ಐದಾರು ಮೀನು. ಒಂದು ಹಿಡಿದುಕೊಂಡು ಇನ್ನೊಂದಕ್ಕೆ ಬಾಯಿ ತೆರೆದರೆ ಮೊದಲಿನದು ಬೀಳಬೇಕಲ್ವಾ? ಬೀಳುವುದಿಲ್ಲ. ಮೇಲ್ಬಾಯಿಯಲ್ಲಿ ಮುಳ್ಳುಗಳಿವೆ, ನಾಲಿಗೆಯಿಂದ ಅದಕ್ಕೆ ಒತ್ತಿ ಹಿಡಿಯುತ್ತದೆ. ನನ್ನನ್ನು ಒಮ್ಮೆ ಈ ಕಣ್ಣಿಂದ, ಒಮ್ಮೆ ಆ ಕಣ್ಣಿಂದ ನೋಡಿತು. ಆಮೇಲೆ ಬಿಲದೊಳಗೆ ನುಗ್ಗಿತು. ವರ್ಷಕ್ಕೆ ಒಂದೇ ಮೊಟ್ಟೆ, ಒಂದೇ ಮರಿ.

ಭಾನುವಾರ, ಕಡಲಲ್ಲಿ

ಬಿಡುವು. ದೋಣಿಯಲ್ಲಿ ಐಸ್‌ಬರ್ಗ್ ನೋಡಲು ಹೋದೆ. ಜೂನ್ ಕೊನೆ, ಇನ್ನು ಉಳಿದಿರುವುದೇ ಅಪರೂಪ. ಕೊಲ್ಲಿಯ ಬಾಯಲ್ಲಿ ಒಂದು ತಳ ತಾಗಿ ಸಿಕ್ಕಿಕೊಂಡಿತ್ತು. ಗ್ರೀನ್‌ಲ್ಯಾಂಡಿನ ಹಿಮನದಿಯಿಂದ ಮುರಿದು ಇಲ್ಲಿಗೆ ಬರಲು ಎರಡು ಮೂರು ವರ್ಷ ಬೇಕು. ದೂರದಿಂದ ಬಿಳಿ. ಹತ್ತಿರ ಹೋದರೆ ಬಿರುಕುಗಳಲ್ಲಿ ಗಾಢ ನೀಲಿ. ದೋಣಿಯವರು ತುಂಬ ಹತ್ತಿರ ಹೋಗಲಿಲ್ಲ, ಯಾವಾಗ ಮಗುಚುತ್ತದೆ ಹೇಳಲಾಗದು. ನೀರಲ್ಲಿ ತೇಲುತ್ತಿದ್ದ ಒಂದು ತುಂಡನ್ನು ಬಲೆಯಲ್ಲಿ ಎತ್ತಿ ಕೈಗೆ ಕೊಟ್ಟರು. ಗಾಜಿನಷ್ಟು ತಿಳಿ. ಕಿವಿಗೆ ಹಿಡಿದರೆ ಚಟಪಟ ಶಬ್ದ. ಸಾವಿರಾರು ವರ್ಷದ ಹಿಂದೆ ಹಿಮದ ಭಾರಕ್ಕೆ ಅಮುಕಿಕೊಂಡ ಗಾಳಿ ಈಗ ಹೊರಬರುತ್ತಿತ್ತು. 1912ರಲ್ಲಿ ಟೈಟಾನಿಕ್‌ಗೆ ತಾಗಿದ್ದೂ ಇದೇ ದಾರಿಯಲ್ಲಿ ಇಳಿದು ಬಂದ ಒಂದು ಗುಡ್ಡೆ. ಆ ಹಡಗಿನ 121 ಜನ ಹ್ಯಾಲಿಫ್ಯಾಕ್ಸ್‌ನ ಒಂದು ಸ್ಮಶಾನದಲ್ಲಿದ್ದಾರೆ, ಕೆಲವು ಕಲ್ಲಿನ ಮೇಲೆ ಹೆಸರಿಲ್ಲ, ಸತ್ತ ದಿನ ಮತ್ತು ನಂಬರ್ ಮಾತ್ರ.

ಬರುವಾಗ ಹಂಪ್‌ಬ್ಯಾಕ್ ತಿಮಿಂಗಿಲ. ಮೊದಲು ಬಂದದ್ದು ವಾಸನೆ. ಹಳೆ ಮೀನಿನ ಬುಟ್ಟಿ ತೆರೆದ ವಾಸನೆ, ಅದರ ಉಸಿರಿನದು! ಇಷ್ಟೊಂದು ತಿಮಿಂಗಿಲ ದಡದ ಹತ್ತಿರ ಬರಲು ಕಾರಣ ಕ್ಯಾಪೆಲಿನ್ ಎಂಬ ಬೆರಳುದ್ದದ ಮೀನು. ಮೊಟ್ಟೆ ಇಡಲು ಅದು ಅಲೆಯ ಜೊತೆ ದಡಕ್ಕೇ ಬಂದು ಬೀಳುತ್ತದೆ. ಸಂಜೆ ಆ ದೃಶ್ಯವೂ ಸಿಕ್ಕಿತು. ಊರಿಗೆ ಊರೇ ಬಕೆಟ್, ಬಲೆ, ಸೋಸುವ ಜಾಲರಿ ಹಿಡಿದು ಕಲ್ಲು ದಂಡೆಯಲ್ಲಿ. ಪ್ರತಿ ಅಲೆಗೂ ನೂರಾರು ಬೆಳ್ಳಿ ಮೀನು ಕಲ್ಲುಗಳ ಮೇಲೆ ಕುಣಿಯುತ್ತಿದ್ದವು. ಮಕ್ಕಳು ಬೂಟಿನೊಳಗೆ ನೀರು ತುಂಬಿಸಿಕೊಂಡು ಕೈಯಲ್ಲೇ ಹಿಡಿಯುತ್ತಿದ್ದರು. ಯಾರೋ ಒಬ್ಬರು ಕೇಳದೆಯೇ ನನಗೆ ಅರ್ಧ ಬಕೆಟ್ ಕೊಟ್ಟರು.

ನಾನು ಉಳಿದ ಮನೆಯ ಯಜಮಾನಿಗೆ ಎಪ್ಪತ್ತರ ಮೇಲೆ. ಎಲ್ಲರನ್ನೂ ‘ಮೈ ಲವ್’ ಅಂತಲೇ ಕರೆಯುತ್ತಾರೆ. ಅಡುಗೆಮನೆ ಬಿಟ್ಟುಕೊಟ್ಟರು. ನನ್ನ ಬ್ಯಾಗಿನಲ್ಲಿ ಖಾರದ ಪುಡಿ, ಅರಿಶಿನ ಯಾವಾಗಲೂ ಇರುತ್ತದೆ. ಹುಳಿಗೆ ನಿಂಬೆಹಣ್ಣು. ಕಾವಲಿ ಕಾಯುವಷ್ಟರಲ್ಲಿ ಅಮ್ಮನಿಗೆ ಫೋನ್ ಮಾಡಿದೆ. ನ್ಯೂಫೌಂಡ್‌ಲ್ಯಾಂಡ್‌ನ ಗಡಿಯಾರದಲ್ಲೂ ನಮ್ಮಂತೆ ಅರ್ಧ ಗಂಟೆಯ ಲೆಕ್ಕ ಇದೆ. ಹಾಗಾಗಿ ಬೇಸಿಗೆಯಲ್ಲಿ ಸರಿಯಾಗಿ ಎಂಟು ಗಂಟೆ ವ್ಯತ್ಯಾಸ. ಇಲ್ಲಿ ರಾತ್ರಿ ಒಂಬತ್ತೂವರೆ, ಅಲ್ಲಿ ಬೆಳಗ್ಗೆ ಐದೂವರೆ. ವಿಡಿಯೋದಲ್ಲಿ ಐಸ್‌ಬರ್ಗ್ ತೋರಿಸಿದೆ. ‘ಹ್ಞಾಂ’ ಅಂದರು. ಮೀನು ತೋರಿಸಿದೆ. ‘ಹೊಟ್ಟೆ ತೆಗೆದು ತೊಳ್ದ್ಯಾ ಮಗಾ? ಇಷ್ಟ್ ಸಣ್ಣ ಮೀನಿಗೆ ಇಷ್ಟ್ ಖಾರ ಯಾಕೆ?’

ಯಜಮಾನಿ ಒಂದು ತಿಂದು ನೀರು ಕುಡಿದರು. ಮತ್ತೆ ಒಂದು ತಿಂದರು. ಮತ್ತೆ ನೀರು ಕುಡಿದರು. ತಟ್ಟೆ ಖಾಲಿಯಾಯಿತು.

ಸೋಮವಾರ, ಕೇಪ್ ಸ್ಪಿಯರ್

ಸೇಂಟ್ ಜಾನ್ಸ್‌ಗೆ ಮೂರು ಗಂಟೆಗೂ ಮೇಲಿನ ದಾರಿ. ವಿಮಾನ ರಾತ್ರಿಗೆ. ಸಿಗ್ನಲ್ ಹಿಲ್ ಹತ್ತಿದೆ. 1901ರ ಡಿಸೆಂಬರ್ 12ರಂದು ಮಾರ್ಕೊನಿ ಗಾಳಿಪಟಕ್ಕೆ ತಂತಿ ಕಟ್ಟಿ ಹಾರಿಸಿ, ಇಂಗ್ಲೆಂಡಿನಿಂದ ಬಂದ ಮೂರು ಚುಕ್ಕಿಯ ಸಂಕೇತ ಕೇಳಿಸಿಕೊಂಡೆ ಎಂದದ್ದು ಈ ಗುಡ್ಡದ ಮೇಲೆ. ಅಲ್ಲಿನ ಗಾಳಿಗೆ ಗಾಳಿಪಟ ಹಾರಿಸಿದ್ದೇ ನನಗೆ ಜಾಸ್ತಿ ಆಶ್ಚರ್ಯ. ನನ್ನ ಟೋಪಿಯೇ ನಿಲ್ಲಲಿಲ್ಲ.

ಕೇಪ್ ಸ್ಪಿಯರ್ ಉತ್ತರ ಅಮೆರಿಕ ಖಂಡದ ಪೂರ್ವದ ತುದಿ, ಗ್ರೀನ್‌ಲ್ಯಾಂಡ್ ಬಿಟ್ಟು. 1836ರ ದೀಪಸ್ತಂಭ, ಎರಡನೇ ಮಹಾಯುದ್ಧದ ತುಕ್ಕು ಹಿಡಿದ ತೋಪಿನ ಕೊಳವೆಗಳು, ಕಾಂಕ್ರೀಟ್ ಸುರಂಗ. ಇಲ್ಲಿಂದ ಇದೇ ದೇಶದ ವ್ಯಾಂಕೂವರ್‌ಗಿಂತ ಐರ್ಲೆಂಡ್ ಹತ್ತಿರ. ತುದಿಯ ಬೋರ್ಡಿನ ಎದುರು ಫೋಟೋಕ್ಕೆ ಕ್ಯೂ ಇತ್ತು. ನಾನೂ ನಿಂತೆ, ನನ್ನ ಸರದಿ ಬರುವಷ್ಟರಲ್ಲಿ ಕಡಲಿನಿಂದ ಮಂಜು ಹತ್ತಿ ಬಂತು. ಫೋಟೋದಲ್ಲಿ ನಾನಿದ್ದೇನೆ, ಬೋರ್ಡಿದೆ, ಹಿಂದೆ ಬರೀ ಬಿಳಿ.

ಏರ್‌ಪೋರ್ಟಿಗೆ ಬಂದಾಗ ಬೋರ್ಡಿನ ಮೇಲೆ ನಮ್ಮ ವಿಮಾನದ ಮುಂದೆ ‘ತಡ’ ಅಂತ ಕೆಂಪಕ್ಷರ. ಕಾಫಿ ತಗೊಂಡು ಲ್ಯಾಪ್‌ಟಾಪ್ ತೆರೆದೆ. ಆಫೀಸಿನಿಂದ ಮೇಲ್ ಬಂದಿತ್ತು: ಲ್ಯಾಬ್ರಡಾರ್ ಕಡೆ ಒಂದು ಸೀಗಡಿ ಪ್ಲಾಂಟ್, ಸೆಪ್ಟೆಂಬರ್, ಹೋಗಲು ಆಗುತ್ತದಾ? ಅಲ್ಲಿ ಸೊಳ್ಳೆ ಹೇಗೆ ಅಂತ ಮಾತ್ರ ವಾಪಸು ಕೇಳಿದೆ.